ಸಾಫ್ಟ್‌ವೇರ್ ಸರಳೀಕರಣ ಉಪಸಮಿತಿ

ಅರಸೀಕೆರೆಯ ಗಂಗಾಮೃತ ತೆಂಗು ಬೆಳೆಗಾರರ ಸಂಘದಲ್ಲಿ ೨೦೦೭ರವರೆಗೆ ಯಾರೂ ಯಾವ ತಪ್ಪನ್ನೂ ಮಾಡಿರಲಿಲ್ಲ. ತಪ್ಪುಗಳು ತಾವಾಗಿಯೇ ಆಗುತ್ತಿದ್ದವು. ಆ ವರ್ಷ ಅನುದಾನದಲ್ಲಿ ಒಂದು ಸಾಫ್ಟ್‌ವೇರ್ ಬಂತು. ಕಂಪ್ಯೂಟರಿನಲ್ಲಿ ಯಾವ ಕಾಗದವನ್ನು ಯಾರು, ಯಾವಾಗ, ಏನು ತಿದ್ದಿದರು ಎಂಬುದನ್ನೆಲ್ಲ ಅದು ಹಳೆಯ ಪ್ರತಿಯ ಸಮೇತ ಜೋಪಾನ ಮಾಡುತ್ತಿತ್ತು. ಗುಮಾಸ್ತ ಗುರುಮೂರ್ತಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮುಂದಿನ ತಿಂಗಳು ಅವನ ಕೆಲಸ ಕಾಯಂ ಆಗಬೇಕಿತ್ತು. ಇನ್ನು ಯಾರ ತಪ್ಪೂ ತನ್ನ ತಲೆಗೆ ಬರುವುದಿಲ್ಲ ಎಂದುಕೊಂಡ, ಪಾಪ.

ಹೊಸ ಗೋದಾಮಿನ ಉದ್ಘಾಟನೆಗೆ ಆಹ್ವಾನಪತ್ರಿಕೆ ಅಚ್ಚಾಯಿತು. ನಿರ್ದೇಶಕ ಕರಿಬಸವಯ್ಯನವರ ಹೆಸರೇ ಇಲ್ಲ! ನಮ್ಮ ಕಡೆ ತೋಟದ ಕಾಯಿ ಕದ್ದವನನ್ನಾದರೂ ಕ್ಷಮಿಸುತ್ತಾರೆ, ಪತ್ರಿಕೆಯಲ್ಲಿ ಹೆಸರು ಬಿಟ್ಟವನನ್ನು ಮೊಮ್ಮಕ್ಕಳ ಕಾಲಕ್ಕೂ ಬಿಡುವುದಿಲ್ಲ.

"ಏನ್ರೀ ಗುರುಮೂರ್ತಿ, ನಾನೇನು ಸತ್ತೋಗಿದ್ದೀನಾ?" ಎಂದು ಕರಿಬಸವಯ್ಯ ಟವೆಲ್ ಒದರುತ್ತಾ ಬಂದರು.

ಗುರುಮೂರ್ತಿ ಗುಂಡಿ ಒತ್ತಿದ. ಹೆಸರು ತೆಗೆದವರು: ಅಧ್ಯಕ್ಷ ರಾಜಶೇಖರ್. ಅಧ್ಯಕ್ಷರು ಪಕ್ಕದಲ್ಲೇ ಕಾಫಿ ಕುಡಿಯುತ್ತಿದ್ದರು. ಕೆಳಗೆ ಇನ್ನೊಂದು ಸಾಲು: ನಿರ್ದೇಶಕಿ ಶಿವಗಂಗಮ್ಮನವರ ಹೆಸರು ತೆಗೆದವರು, ಕರಿಬಸವಯ್ಯ. ಅವರ ಸಿಟ್ಟು ತಟ್ಟನೆ ಇಳಿಯಿತು.

"ಈ ಸಾಫ್ಟ್‌ವೇರ್ ಬಲು ಕಷ್ಟ ಕಣ್ರೀ, ಜನಸಾಮಾನ್ಯರಿಗೆ ಅರ್ಥ ಆಗಲ್ಲ," ಎಂದರು ಅಧ್ಯಕ್ಷರು.

"ಈಗ ಅರ್ಥ ಆಯ್ತಲ್ಲ ಸಾರ್?" ಎಂದ ಗುರುಮೂರ್ತಿ.

"ಅದೇ ಕಣಯ್ಯ ಕಷ್ಟ."

ಕೂಡಲೇ ಸರಳೀಕರಣ ಉಪಸಮಿತಿ ರಚನೆಯಾಯಿತು. ಅದರ ಪ್ರಕಟಣೆ ಹೀಗಿತ್ತು: "ಹಳೆಯ ಪ್ರತಿಗಳು ಗೊಂದಲ ಉಂಟುಮಾಡುವುದರಿಂದ ಅವನ್ನು ಅಳಿಸತಕ್ಕದ್ದು. ತಿದ್ದಿದವರ ಹೆಸರು ಪ್ರತಿಸಲವೂ ಬೇರೆಬೇರೆಯಾಗಿ ಕಂಡುಬಂದಲ್ಲಿ ಬಳಕೆದಾರರು ಗಾಬರಿಯಾಗುವ ಸಂಭವವಿದ್ದು, ಎಲ್ಲ ತಿದ್ದುಪಡಿಗಳಿಗೂ ಒಂದೇ ಹೆಸರು ಬರುವಂತೆ ಮಾಡತಕ್ಕದ್ದು." ಯಾರ ಹೆಸರು? ಕಂಪ್ಯೂಟರಿನಲ್ಲಿ ಗುರುಮೂರ್ತಿಯ ಹೆಸರು ಹೇಗೂ ಇತ್ತು. ಹೊಸದಾಗಿ ಟೈಪ್ ಮಾಡುವ ಶ್ರಮ ಉಳಿಯಿತು.

"ಸಾರ್, ನನ್ನ ಕೆಲಸ..." ಎಂದು ಅವನು ತೊದಲಿದ.

"ಕಾಯಂ ಆದೋರಿಗೂ ಇಂಥ ಮರ್ಯಾದೆ ಸಿಕ್ಕಿಲ್ಲ ಕಣೋ!" ಎಂದು ಕರಿಬಸವಯ್ಯ ಬೆನ್ನು ತಟ್ಟಿದರು.

ಸರ್ವಸದಸ್ಯರ ಸಭೆಯಲ್ಲಿ ಶಿವಗಂಗಮ್ಮ ಎದ್ದು, "ನನ್ನ ಹೆಸರು ತೆಗೆದೋರು ಯಾರು?" ಎಂದು ಗುಡುಗಿದರು. ಅಧ್ಯಕ್ಷರು ವಿನಯದಿಂದ ಅವರ ಕೈಯಲ್ಲೇ ಗುಂಡಿ ಒತ್ತಿಸಿದರು. ಗುರುಮೂರ್ತಿ ಎಂದು ಬಂತು.

"ಅಯ್ಯೋ, ನನ್ನಂಥೋಳಿಗೂ ಎಷ್ಟು ಸುಲಭ ಐತೆ!" ಎಂದು ಆಕೆ ಹಿಗ್ಗಿದರು. ಸಭೆ ಚಪ್ಪಾಳೆ ತಟ್ಟಿತು.

ಮರುದಿನ ಅವನನ್ನು ಕೆಲಸದಿಂದ ತೆಗೆದ ಆದೇಶ ಹೊರಬಿತ್ತು. ಮೇಲ್ಮನವಿ ಹಾಕೋಣವೆಂದು ಗುರುಮೂರ್ತಿ, ಆದೇಶ ಬರೆದವರು ಯಾರೆಂದು ಗುಂಡಿ ಒತ್ತಿ ನೋಡಿದ. ಗುರುಮೂರ್ತಿ. ತನ್ನನ್ನು ತಾನೇ ಕೆಲಸದಿಂದ ತೆಗೆದವನು ಮೇಲ್ಮನವಿ ಹಾಕಲು ನಿಯಮದಲ್ಲಿ ಅವಕಾಶವಿರಲಿಲ್ಲ. ಇಷ್ಟು ಪ್ರಾಮಾಣಿಕ ನೌಕರ ಸಂಘಕ್ಕೆ ಮತ್ತೆ ಸಿಗಲಾರನೆಂದು ಅಧ್ಯಕ್ಷರು ಗದ್ಗದಿತರಾಗಿ ಹಾರ ಹಿಡಿದು ಬಂದರು. ಗುರುಮೂರ್ತಿ ಕತ್ತು ಬಗ್ಗಿಸಿದ.