ಮುಗಿಲ್‌ವೀರನ್ ಯಾರ ಕೈಯಲ್ಲಿ ಚೆನ್ನಾಗಿ ಹಾರಿದ?

ಯಾವುದಕ್ಕೂ ತಲೆ ಬಿಸಿ ಮಾಡಿಕೊಳ್ಳದ ಮನುಷ್ಯನಿಗೂ ಯಾವುದೋ ಒಂದು ವಿಷಯ ಇರುತ್ತದೆ. ಅದನ್ನು ಮುಟ್ಟಿದರೆ ಅವನು ಬೇರೆಯೇ ಮನುಷ್ಯನಾಗುತ್ತಾನೆ. ಸೇಲಂನ ತಮಿಳು ದಿನಪತ್ರಿಕೆಯೊಂದರ ಡೆಸ್ಕಿನಲ್ಲಿ ಕೂತು ಕೂದಲು ನೆರೆಸಿಕೊಂಡವನು ನಾನು. ಚುನಾವಣೆಯಾಗಲಿ, ನೆರೆಯಾಗಲಿ, ಮಂತ್ರಿಯ ರಾಜೀನಾಮೆಯಾಗಲಿ, ನನ್ನ ಪ್ರಶ್ನೆ ಮಾತ್ರ ಬದಲಾಗುವುದಿಲ್ಲ: ಯಾರು ಹೇಳಿದ್ದು? ಇನ್ನೊಬ್ಬರು ಹೇಳಿದ್ದಾರೆಯೇ? ಈ ಚಾಳಿ ಮನೆಗೂ ಬಂದಿದೆ. ಪಕ್ಕದ ಮನೆಯ ಹುಡುಗಿಗೆ ಮದುವೆ ಗೊತ್ತಾಯಿತಂತೆ ಎಂದು ಹೆಂಡತಿ ಸಂಭ್ರಮದಿಂದ ಹೇಳಿದರೆ, "ಗಂಡಿನ ಕಡೆಯವರನ್ನು ಕೇಳಿದೆಯಾ?" ಎನ್ನುತ್ತೇನೆ. "ನಿಮ್ಗೆ ಸುದ್ದಿ ಏಳೋದೂ ಒಂದೇ, ಪೊಲೀಸ್ ಸ್ಟೇಷನ್ನಿಗೆ ಓಗೋದೂ ಒಂದೇ," ಎಂದು ಅವಳು ಒಳಗೆ ಹೋಗುತ್ತಾಳೆ. ಇಂಥ ನಾನು ಸೂಪರ್‌ಹೀರೋ ಕಾಮಿಕ್ಸ್ ಮಾತು ಬಂದರೆ ಕುರ್ಚಿಯಿಂದ ಎದ್ದು ನಿಂತು ಕೂಗಾಡುತ್ತೇನೆ ಎಂದರೆ ನನ್ನ ಕಚೇರಿಯವರು ನಂಬುವುದಿಲ್ಲ. ಇನ್ನೊಬ್ಬರು ಹೇಳಿದ್ದಾರೆಯೇ ಎಂದು ಕೇಳುತ್ತಾರೆ.

ನಾನು ಹುಡುಗನಾಗಿದ್ದಾಗ ನಮ್ಮ ಕಡೆ ಹುಚ್ಚು ಹಿಡಿಸಿದ್ದ ತಮಿಳು ಕಾಮಿಕ್ಸ್ ನಾಯಕ ಮುಗಿಲ್‌ವೀರನ್. ಮೋಡದ ಮೇಲೆ ಸವಾರಿ ಮಾಡಿಕೊಂಡು ಬಂದು ದುಷ್ಟರನ್ನು ಬಗ್ಗುಬಡಿಯುವುದು ಅವನ ಕೆಲಸ. ಇಂಥ ನಾಯಕರಿಗೆ ವಯಸ್ಸಾಗುವುದಿಲ್ಲ; ವಯಸ್ಸಾಗುವುದು ಅವರನ್ನು ಬರೆಯುವವರಿಗೆ. ಹಾಗಾಗಿ ಕೆಲವು ವರ್ಷ ಇಳಂಗೋ ಕತೆ ಬರೆದು ದುರೈ ಚಿತ್ರ ಹಾಕಿದರು, ಆಮೇಲೆ ಸೆಲ್ವಂ ಬರೆದು ಬೆನ್ನಿ ಚಿತ್ರ ಹಾಕಿದರು. ಹೀಗೆ ಒಂದು ಜೋಡಿ ಸತತವಾಗಿ ನಡೆಸಿದ ಕಾಲವನ್ನು ಅಭಿಮಾನಿಗಳಾದ ನಾವು 'ರನ್' ಎನ್ನುತ್ತೇವೆ. ಯಾವ ರನ್ ಶ್ರೇಷ್ಠ ಎಂದು ಜಗಳವಾಡಲು ತಿಂಗಳಿಗೊಂದು ಭಾನುವಾರ ಸೇಲಂನ ಒಂದು ಮೆಸ್ಸಿನ ಮಹಡಿಯಲ್ಲಿ ಸೇರುತ್ತೇವೆ. ಎಲ್ಲರೂ ಕನ್ನಡಕದವರು, ಅರ್ಧ ಜನ ಮೊಣಕಾಲು ನೋವಿನವರು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಹಾರುವ ಮನುಷ್ಯನ ಬಗ್ಗೆ ಮಾತಾಡುತ್ತೇವೆ.

ನನ್ನದು ಇಳಂಗೋ–ದುರೈ ಪಕ್ಷ. ಎದುರು ಪಕ್ಷದ ನಾಯಕ ಎಡಪ್ಪಾಡಿಯ ಮಾದೇಶ. ಕೈಮಗ್ಗದ ಸೀರೆ ವ್ಯಾಪಾರಿ, ನನ್ನ ಹಾಗೆ ಮನೆಯಲ್ಲಿ ಕನ್ನಡ ಆಡುವವನು. ಅವನ ವಾದವೆಲ್ಲ ಬಟ್ಟೆಯ ಮೇಲೆ. "ಬೆನ್ನಿ ಬರ್ದಿರೋ ಮೇಲೊದಿಕೆ ನೋಡಣ್ಣಾ, ಗಾಳಿಗೆ ಎಂಗೆ ಮಡಿಕೆ ಬಿದ್ದೈತೆ! ಬಟ್ಟೆ ಗೊತ್ತಿರೋನು ಬರ್ದಿರೋದು. ನಿನ್ ದುರೈ ಬರ್ದಿರೋದು ತಗಡು. ಅದನ್ನ ಒದ್ಕೊಂಡು ಆರಿದ್ರೆ ಕುತ್ಗೆ ಕುಯ್ದೋಯ್ತದೆ." ನಾನು ಅಷ್ಟೇ ಬಿಗಿಯಾಗಿ ಉತ್ತರ ಕೊಡುತ್ತಿದ್ದೆ. ಇಳಂಗೋವಿನ ಮುಗಿಲ್‌ವೀರನ್ ಎಲ್ಲಿಯಾದರೂ ಇಳಿಯುವ ಮೊದಲು, ಕಣದಲ್ಲಿ ಹುರುಳಿ ಒಣಗಲು ಹಾಕಿದ್ದೀರಾ ಎಂದು ಮೇಲಿನಿಂದಲೇ ಕೂಗಿ ಕೇಳುತ್ತಾನೆ; ಹಾಕಿದ್ದರೆ ಮೋಡವನ್ನು ಊರಾಚೆ ನಿಲ್ಲಿಸಿ ನಡೆದು ಬರುತ್ತಾನೆ. ಒಕ್ಕಲುತನದ ಇಂಥ ಆಳವಾದ ಅನುಭವ ಸೆಲ್ವಂಗೆ ಎಲ್ಲಿತ್ತು? ಇನ್ನು ಜ್ವಾಲಾಮುಖಿಯ ಕತೆ! ಖಳನಾಯಕ ಕರಿಗೂಬೆ ಬೆಂಕಿಯ ಅಂಚಿನಲ್ಲಿ ನಿಂತಿರುವಾಗ ಅವನ ಮುದಿ ತಾಯಿ ಬಂದು, ಕಿವಿ ಹಿಂಡಿ, ಊಟಕ್ಕೆ ಎಳೆದುಕೊಂಡು ಹೋಗುತ್ತಾಳೆ. ಮುಗಿಲ್‌ವೀರನ್ ತಾನೂ ಹಿಂದೆ ಹೋಗಿ ಪಂಕ್ತಿಯಲ್ಲಿ ಕೂರುತ್ತಾನೆ. ವೈರಿಗಳು ಒಂದೇ ಸಾಲಿನಲ್ಲಿ ಕೂತು ಮುದ್ದೆ ಮುರಿಯುವ ಚಿತ್ರ ಜಗತ್ತಿನ ಯಾವ ಕಾಮಿಕ್ಸಿನಲ್ಲಿದೆ, ತೋರಿಸಿ ಎಂದು ಸವಾಲು ಹಾಕುತ್ತಿದ್ದೆ. ಆ ಸಂಚಿಕೆ ಉಳಿದವರು ಓದಿ ಎಷ್ಟೋ ವರ್ಷವಾಗಿತ್ತು, ಯಾರ ಹತ್ತಿರವೂ ಪ್ರತಿ ಉಳಿದಿರಲಿಲ್ಲ.

ಇಷ್ಟು ದಿನ ಇದು ಬರೀ ಬಾಯಿ ಚಪಲವಾಗಿತ್ತು. ಈ ವರ್ಷ ಮಾತ್ರ ಹಳೆಯ ಪ್ರಕಾಶಕರ ಮಗ ಮುಗಿಲ್‌ವೀರನ್ ಪುಸ್ತಕಗಳನ್ನು ಮತ್ತೆ ಅಚ್ಚು ಹಾಕುವುದಾಗಿ ಹೇಳಿ ಕಳಿಸಿದರು. ಆದರೆ ಒಂದೇ ಜೋಡಿಯದು, ಅದನ್ನು ಅಭಿಮಾನಿಗಳೇ ಆರಿಸಬೇಕು. ಇನ್ನೊಂದು ಜೋಡಿಯ ಪುಸ್ತಕಗಳು ಗೆದ್ದಲಿಗೂ ಬೋಂಡಾ ಕಟ್ಟುವವರಿಗೂ ಸೇರಿದ್ದು ಸೇರಿದ್ದೇ. ಸಭೆ ನಡೆಸುವ ಕಲೈವಾಣಿ ಮೇಡಂ ಬ್ಯಾಂಕಿನವರು, ಸಹಿ ಇಲ್ಲದೆ ಯಾವುದನ್ನೂ ಒಪ್ಪುವವರಲ್ಲ. "ಸಾರ್, ಆ ಊಟದ ಪೇಜ್ ಕೊಂಡು ವಾಂಗ, ತನ್ನಿ. ಅದನ್ನು ತೋರಿಸಿದರೆ ಓಟೆಲ್ಲ ನಿಮಗೇ," ಎಂದರು. ಗೆದ್ದೆ ಎಂದುಕೊಂಡೆ. ಆ ಪುಸ್ತಕಗಳಿದ್ದದ್ದು ಕಂಬೈನಲ್ಲೂರಿನ ಹತ್ತಿರ, ನಮ್ಮಕ್ಕನ ಮನೆಯಲ್ಲಿ.

ಅಕ್ಕನ ವಿಷಯ ಸ್ವಲ್ಪ ಹೇಳಬೇಕು. ಕನ್ನಡ ನಮಗೆ ಮನೆಯ ಮಾತು, ಶಾಲೆಯದೆಲ್ಲ ತಮಿಳು. ಕನ್ನಡದ ಅಕ್ಷರ ನಾನು ಮೀಸೆ ಬಂದ ಮೇಲೆ ಕಲಿತದ್ದು. ಶಾಲೆಗೆ ಸೇರುವ ಮುಂಚೆ ನನಗೆ ತಮಿಳು ಓದಲೂ ಬರುತ್ತಿರಲಿಲ್ಲವಾದ್ದರಿಂದ ಅಕ್ಕ ತಮಿಳು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ನಮ್ಮ ಕನ್ನಡದಲ್ಲಿ ಕತೆ ಹೇಳುತ್ತಿದ್ದಳು. ನಾನು ಚಿತ್ರ ನೋಡುತ್ತಿದ್ದೆ. ಓದಲು ಬರುವ ಹೊತ್ತಿಗೆ ಅಕ್ಕನಿಗೆ ಮದುವೆಯಾಗಿ, ಅವಳ ಜೊತೆ ಪುಸ್ತಕಗಳೂ ಹೋದವು.

ಹೋಗಿ ನೋಡಿದರೆ ಅವುಗಳನ್ನು ಅವಳು ಹಳೆಯ ಹುಣಸೆಹಣ್ಣಿನ ಡಬ್ಬದಲ್ಲಿ ಇಟ್ಟಿದ್ದಳು. ಪುಟ ತಿರುಗಿಸಿದರೆ ಬಾಯಲ್ಲಿ ನೀರೂರುತ್ತಿತ್ತು. ಜ್ವಾಲಾಮುಖಿಯ ಸಂಚಿಕೆ ಸಿಕ್ಕಿತು. ಓದಿದೆ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದೆ. ಕೊನೆಯ ಪುಟದಲ್ಲಿ ಮುಗಿಲ್‌ವೀರನ್ ಕರಿಗೂಬೆಗೆ ಒಂದು ಒದೆ ಕೊಡುತ್ತಾನೆ, ಅವನು "ಆ!" ಎಂದು ಬೆಂಕಿಗೆ ಬೀಳುತ್ತಾನೆ. ಕೆಳಗೆ 'ಮುಟ್ರುಂ', ಅಂದರೆ ಮುಗಿಯಿತು.

"ಅಕ್ಕಾ, ಅವನ ಅವ್ವ ಬರೋ ಪುಟ ಎಲ್ಲಿ? ಯಾರಾದ್ರೂ ಅರ್ಕೊಂಡವ್ರಾ?"

"ಯಾರವ್ವ?"

"ಕರಿಗೂಬೆ ಅವ್ವ. ಕಿವಿ ಇಂಡಿ ಊಟಕ್ಕೆ ಕರ್ಕೊಂಡೋಯ್ತಾಳಲ್ಲ."

ಅಕ್ಕ ಅವರೆಕಾಯಿ ಬಿಡಿಸುತ್ತಾ ತಲೆ ಎತ್ತಲೂ ಇಲ್ಲ. "ಅದು ಬುಕ್ನಾಗೆ ಎಲ್ಲೈತೆ? ನಾನು ಏಳಿದ್ದು. ಅವ್ನು ಸತ್ತ ಅಂದ್ರೆ ನೀನು ಅಳ್ತಾ ಕುಂತ್ಗಂಡು ಊಟ ಬ್ಯಾಡ ಅಂದೆ. ಅಪ್ಪುರಂ ಇನ್ನೇನ್ಮಾಡ್ಲಿ? ಅವ್ನ ಅವ್ವನ್ನ ಕರಿಸ್ದೆ."

"ಅವ್ನಿಗೆ ಅವ್ವ ಎಲ್ಲಿಂದ ಬಂದ್ಲು? ಕತೇಲಿ ಇಲ್ವೇ ಇಲ್ಲ!"

"ಅವ್ವ ಇಲ್ದೆ ಯಾವನ್ಲಾ ಉಟ್ಟವ್ನೆ?"

ಹುರುಳಿಯ ಕಣದ ವಿಷಯ ಕೇಳುವ ಧೈರ್ಯ ಬರಲಿಲ್ಲ. ಆದರೂ ಇನ್ನೆರಡು ಸಂಚಿಕೆ ತೆಗೆದು ನೋಡಿದೆ. ಮುಗಿಲ್‌ವೀರನ್ ಇಳಿಯುತ್ತಿದ್ದದ್ದು ಗಗನಚುಂಬಿ ಕಟ್ಟಡಗಳ ನಡುವೆ. ಒಂದು ಹುರುಳಿಕಾಳೂ ಕಾಣಲಿಲ್ಲ. ಇಳಂಗೋವಿಗೆ ಒಕ್ಕಲುತನದ ಅನುಭವ ಇತ್ತೆಂದು ನಾನು ಮಹಡಿಯ ಮೇಲೆ ಎಷ್ಟು ಸಲ ಭಾಷಣ ಮಾಡಿದ್ದೆ! ಮಂತ್ರಿಯ ಮಾತನ್ನೂ ಇನ್ನೊಬ್ಬರನ್ನು ಕೇಳದೆ ಅಚ್ಚಿಗೆ ಬಿಡದ ನಾನು, ಬದುಕಿನಲ್ಲಿ ಅತಿ ಹೆಚ್ಚು ಸಲ ಹೇಳಿದ ಸುದ್ದಿಗೆ ಒಬ್ಬಳೇ ಒಬ್ಬಳು ಮೂಲ. ಆ ಮೂಲ ನನ್ನೆದುರು ಅವರೆಕಾಯಿ ಬಿಡಿಸುತ್ತಾ ಕೂತಿತ್ತು.

"ಈಗ ಓಟು ಓಯ್ತದಲ್ಲಕ್ಕಾ. ಆ ಬುಕ್ಕು ಇನ್ ಯಾವತ್ತೂ ಅಚ್ಚಾಗಲ್ಲ," ಎಂದೆ.

"ಅದ್ರಾಗಿರೋದು ಬರೀ ಒದೆ ತಾನೇ, ಓಗೋದಾದ್ರೆ ಓಗ್ಲಿ ಬುಡು," ಎಂದಳು ಅಕ್ಕ. ಆಮೇಲೆ ಸ್ವಲ್ಪ ಯೋಚಿಸಿ, "ನಾನೂ ಬತ್ತೀನಿ. ಈ ವಯಸ್ನಾಗೆ ಇದುಕ್ಕೆ ಜಗ್ಳ ಆಡೋರ್ ಮುಖ ನೋಡ್ಬೇಕು," ಎಂದಳು.

ಪತ್ರಿಕೆಯಲ್ಲಿ ತಪ್ಪಾದರೆ ಒಳಪುಟದ ಮೂಲೆಯಲ್ಲಿ ಚಿಕ್ಕ ಅಕ್ಷರದಲ್ಲಿ ತಿದ್ದುಪಡಿ ಹಾಕುತ್ತೇವೆ, ಯಾರೂ ಓದುವುದಿಲ್ಲ. ಮಹಡಿಯಲ್ಲಿ ಮೂಲೆ ಇರಲಿಲ್ಲ. ಎದ್ದು ನಿಂತು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಊಟದ ಪುಟ ಇಲ್ಲ, ಹುರುಳಿಯೂ ಇಲ್ಲ, ಎರಡೂ ಅಕ್ಕನವು. ಮಾದೇಶ ಕುಣಿದಾಡುತ್ತಾನೆಂದು ಕಾದೆ. ಕುಣಿಯಲಿಲ್ಲ. ಓಟು ಆಯಿತು, ಸೆಲ್ವಂ–ಬೆನ್ನಿ ಗೆದ್ದರು, ಕಲೈವಾಣಿ ಮೇಡಂ ಸಹಿ ಮಾಡಿಸಿಕೊಂಡರು. ಆಗ ಮಾದೇಶ ಗೆದ್ದವನ ಮುಖವೇ ಇಲ್ಲದೆ ಅಕ್ಕನ ಕಡೆ ತಿರುಗಿದ. "ಅಕ್ಕಾ, ಅಚ್ಚಾಗೋದು ಇರ್ಲಿ. ಆ ಊಟ ಆದ್ಮೇಲೆ ಏನಾಯ್ತು? ಇಷ್ಟು ವರ್ಸದಿಂದ ಈ ಅಣ್ಣ ಅಲ್ಲೇ ನಿಲ್ಲಿಸ್ಬುಟ್ಟವ್ನೆ."

ಅಕ್ಕ ಸೆರಗು ಸರಿಮಾಡಿಕೊಂಡಳು. "ಏನಾಯ್ತದೆ? ಕೈ ತೊಳ್ಕಂಡ್ರು. ಅವ್ನವ್ವ ಮುಗಿಲ್‌ವೀರನ್ನ ಕೇಳಿದ್ಲು, ಏನಪ್ಪಾ, ಮ್ಯಾಲೆ ಓಡಾಡ್ತಿಯಲ್ಲ, ಒಬ್ನೇ ಬೇಜಾರಾಗಲ್ವಾ, ನಮ್ಮುಡುಗನ್ನೂ ಕರ್ಕೊಂಡೋಗು ಅಂತ..." ಎಂದು ಶುರು ಮಾಡಿದಳು. ಅರ್ಧ ಕನ್ನಡ, ಅರ್ಧ ತಮಿಳು, ನಡುವೆ ಕೈಸನ್ನೆ. ಕನ್ನಡ ಬಾರದವರೂ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. ಕರಿಗೂಬೆಗೆ ಮೋಡದ ಮೇಲೆ ತಲೆ ಸುತ್ತು ಬಂದು ವಾಂತಿಯಾಗುವ ಜಾಗಕ್ಕೆ ಕಲೈವಾಣಿ ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಇನ್ನು ಮುಂದೆ ತಿಂಗಳ ಭಾನುವಾರ ಮೊದಲು ಅಕ್ಕನ ಕತೆ, ಆಮೇಲೆ ಜಗಳ ಎಂದು ಅಲ್ಲೇ ತೀರ್ಮಾನವಾಯಿತು. ಚಿತ್ರಗಾರ ಬೆನ್ನಿ ಇನ್ನೂ ಇದ್ದಾರಂತೆ, ಇವನ್ನು ಚಿತ್ರ ಮಾಡುತ್ತಾರೋ ಕೇಳೋಣ ಎಂದು ಯಾರೋ ಅಂದರು. ಇದ್ದಾರೆಯೇ ಎಂದು ವಿಚಾರಿಸುವ ಕೆಲಸ ನನ್ನ ಪಾಲಿಗೆ ಬಂತು. ಈ ಸಲ ಇಬ್ಬರನ್ನು ಕೇಳುತ್ತೇನೆ.

ಎಲ್ಲ ಸುಸೂತ್ರವಾಗಿ ಮುಗಿಯಬೇಕಿತ್ತು. ಆದರೆ ಮಾದೇಶನಿಗೆ ಗೊತ್ತಾಯಿತು, ಅಕ್ಕ ಮದುವೆಯಾದ ಮೇಲೂ ತನ್ನ ಮಕ್ಕಳಿಗೆ ಇವೇ ಪುಸ್ತಕ ಹಿಡಿದು ಬೇರೆ ಬೇರೆ ಕತೆ ಹೇಳಿದ್ದಾಳೆಂದು. "ಇವತ್ತು ಕೇಳಿದ್ದು ಆ ಕಾಲದ್ದೇ ಇರ್ಬೇಕು, ಅದೇ ಒಸಿ ಪಕ್ವವಾಗೈತೆ," ಎಂದುಬಿಟ್ಟ. ನನಗೆ ರಕ್ತ ಕುದಿಯಿತು. ಕುರ್ಚಿಯಿಂದ ಎದ್ದೆ. ಅಕ್ಕನ ಮದುವೆಗೆ ಮುಂಚಿನ ರನ್ನೇ ಶ್ರೇಷ್ಠ, ಅದರಲ್ಲಿದ್ದ ಬಿಸಿ ಆಮೇಲೆ ಇಲ್ಲ, ಅದನ್ನು ಪೂರ್ತಿ ಕೇಳಿದವನು ಈ ಸಭೆಯಲ್ಲಿ ನಾನೊಬ್ಬನೇ ಎಂದು ಸಾರಿದೆ.

"ಲೇ ಮುನಿಯಾ," ಎಂದಳು ಅಕ್ಕ, "ನೀ ಯಾವತ್ಲಾ ಪೂರ್ತಿ ಕೇಳಿದ್ದೆ? ವೀರ ಮೋಡದಿಂದ ಇಳ್ಯೋ ಒತ್ಗೆ ನಿಂಗೆ ಗೊರಕೆ. ಅವತ್ತೊಂದಿನ ಅಳ್ತಿದ್ದಕ್ಕೆ ಎಚ್ರ ಇದ್ದೆ, ಅಷ್ಟೆಯಾ."

"ಅಂಗಾರೆ ನೀನೂ ಪೂರ್ತಿ ಒಂದೇ ಕತೆ ಕೇಳಿರೋನು, ನಾನೂ ಒಂದೇ ಕತೆ ಕೇಳಿರೋನು. ಕುಂತ್ಕೋ ಅಣ್ಣಾ," ಎಂದ ಮಾದೇಶ.

ಕೂತೆ. ಮುಂದಿನ ಸಭೆಯಲ್ಲಿ ಕತೆ ಮೆಸ್ಸಿನ ಊಟಕ್ಕೆ ಮೊದಲೇ ಆಗಲಿ ಎಂದು ಕಲೈವಾಣಿ ಮೇಡಂಗೆ ವಿನಂತಿ ಮಾಡಿಕೊಂಡಿದ್ದೇನೆ. ಊಟವಾದ ಮೇಲೆ ನನ್ನ ಮೇಲೆ ನನಗೇ ಭರವಸೆ ಇಲ್ಲ.