ಸಮುದ್ರದ ಮೇಲೆ ಐದು ಸೀಟು

ಮಕ್ಕಳನ್ನು ಕಟ್ಟಿಕೊಂಡು ಹಡಗಿನ ಪ್ರವಾಸಕ್ಕೆ ಹೊರಡುವವರಿಗೆ ಸಲಹೆ ಕೊಡಲು ನನಗಿಂತ ಅರ್ಹರು ನಂಜನಗೂಡಿನಲ್ಲಿ ಸಿಗಲಾರರು. ವಾಂತಿ ಮಾತ್ರೆ, ಟೋಪಿ, ಬಿಸ್ಕತ್ತು, ಇನ್ನೊಂದು ಜೊತೆ ಬಟ್ಟೆ, ಇವನ್ನೆಲ್ಲ ಯಾರು ಬೇಕಾದರೂ ಹೇಳುತ್ತಾರೆ. ಮುಖ್ಯವಾದದ್ದು ಸೀಟು. ಹದಿನಾಲ್ಕು ವರ್ಷದಿಂದ ದಿನಾ ಬಸ್ಸಿನಲ್ಲಿ ತಿ. ನರಸೀಪುರದ ಆಫೀಸಿಗೆ ಹೋಗಿಬರುವವನು ನಾನು. ಬಸ್ಸು ಸ್ಟ್ಯಾಂಡಿಗೆ ತಿರುಗುವಷ್ಟರಲ್ಲಿ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಇಂಥವನಿಗೆ ಹಡಗು ಯಾವ ಲೆಕ್ಕ?

ಬೇಸಿಗೆ ರಜೆಗೆ ಕೊಚ್ಚಿಗೆ ಹೋಗಿದ್ದೆವು. ನಾನು, ಹೆಂಡತಿ ಗೌರಿ, ನಮ್ಮವ್ವ, ಏಳು ವರ್ಷದ ಮಗಳು ಸಿರಿ, ನಾಲ್ಕು ವರ್ಷದ ಪುಟ್ಟ. ಮೂರು ಗಂಟೆ ಸಮುದ್ರದಲ್ಲಿ ಸುತ್ತಿಸಿ ವಾಪಸು ತರುವ ಹಡಗಿಗೆ ಟಿಕೆಟ್ ಮಾಡಿಸಿದ್ದೆ. ಸಿರಿಗೆ ಇದ್ದದ್ದು ಒಂದೇ ಆಸೆ: ಡಾಲ್ಫಿನ್ ಬಂದಾಗ ಅಪ್ಪನ ಹೆಗಲ ಮೇಲೆ ಕೂತು ನೋಡಬೇಕು. ಅದಕ್ಕಾಗಿ ಒಂದು ತಿಂಗಳಿಂದ ದಿನಾ ಸಂಜೆ ನನ್ನ ಹೆಗಲೇರಿ ಅಭ್ಯಾಸ ಮಾಡಿದ್ದಳು. ಕೂರಿಸಿಕೊಂಡೇ ತೀರುತ್ತೇನೆಂದು ನಾನೂ ಮಾತು ಕೊಟ್ಟಿದ್ದೆ.

ಟಿಕೆಟ್ಟಿನಲ್ಲಿ ಸೀಟ್ ನಂಬರ್ ಇರಲಿಲ್ಲ. ಅದನ್ನು ನೋಡಿದ ಕೂಡಲೇ ನನ್ನ ರಕ್ತ ಬಿಸಿಯಾಯಿತು. ಗೇಟು ತೆಗೆದದ್ದೇ ಓಡಿದೆ.

"ರೀ, ಇದು ನರಸೀಪುರದ ಬಸ್ಸಲ್ಲ, ನಿಧಾನಕ್ಕೆ ನಡೀರಿ" ಎಂದು ಗೌರಿ ಹಿಂದಿನಿಂದ ಕೂಗಿದಳು.

ಹೆಂಗಸರಿಗೆ ಇದೆಲ್ಲ ಅರ್ಥವಾಗುವುದಿಲ್ಲ. ಕೆಳಗಿನ ಹಾಲ್‌ಗೆ ಎಲ್ಲರಿಗಿಂತ ಮೊದಲು ನುಗ್ಗಿ, ಮುಂದಿನ ಸಾಲಿನ ಐದು ಕುರ್ಚಿಗಳನ್ನು ಸ್ವಾಧೀನಪಡಿಸಿಕೊಂಡೆ. ಒಂದರ ಮೇಲೆ ಟವೆಲ್, ಒಂದರ ಮೇಲೆ ಛತ್ರಿ, ಒಂದರ ಮೇಲೆ ಬುತ್ತಿ ಚೀಲ, ಒಂದರ ಮೇಲೆ ನನ್ನ ಎಡಗಾಲಿನ ಚಪ್ಪಲಿ. ಐದನೆಯದರಲ್ಲಿ ಖುದ್ದು ನಾನು.

ಬಂದ ಜನವೆಲ್ಲ ಬ್ಯಾಗು ಇಟ್ಟವರೇ ಮೆಟ್ಟಿಲು ಹತ್ತಿ ಮೇಲಕ್ಕೆ ಹೋದರು. ನಮ್ಮವರೂ ಹೋದರು. ಪಾಪ, ಎಲ್ಲರೂ ನಿಂತುಕೊಂಡು ಪ್ರಯಾಣ ಮಾಡುತ್ತಿದ್ದಾರಲ್ಲ ಎಂದು ನನಗೆ ಮರುಕ ಹುಟ್ಟಿತು. ಮುಖ್ಯವಾಗಿ ಅವ್ವನಿಗೆ ಮಂಡಿ ನೋವು. ಅವಳಿಗಾದರೂ ಸೀಟು ಬೇಡವೇ?

ಹಡಗಿನ ಕೆಲಸದವನೊಬ್ಬ ಬಂದು, ಸಮುದ್ರ ಕಾಣುವುದು ಮೇಲೆ ಎಂದು ಕೈಸನ್ನೆ ಮಾಡಿ ತೋರಿಸಿದ. ನಾನು ಮುಗುಳ್ನಕ್ಕು ಕುರ್ಚಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ. ಇಂಥ ಮಸಲತ್ತುಗಳನ್ನು ನರಸೀಪುರದ ಸ್ಟ್ಯಾಂಡಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಹಿಂದಿನ ಸೀಟಿಗೆ ಗಾಳಿ ಚೆನ್ನಾಗಿ ಬರುತ್ತೆ ಸಾ, ಎಂದು ಎಬ್ಬಿಸಿ ತಾವು ಕೂರುವ ಜನ! ಹಾಲ್‌ನಲ್ಲಿ ಆಗ ಇನ್ನೂರು ಕುರ್ಚಿ ಖಾಲಿ ಇದ್ದವು ಎಂಬುದು ನನ್ನ ಗಮನಕ್ಕೆ ಬರಲಿಲ್ಲ.

ಇದ್ದಕ್ಕಿದ್ದಂತೆ ಮೇಲೆ ಗದ್ದಲವೆದ್ದಿತು. ಸಿರಿ ಧಡಧಡ ಇಳಿದು ಬಂದಳು.

"ಅಪ್ಪಾ, ಡಾಲ್ಫಿನ್ ಬಂದಿದಾವೆ. ಬೇಗ ಬಾ."

"ಬಂದೆ ಕಣಮ್ಮ. ಅಜ್ಜೀನ ಕಳಿಸು, ಸೀಟು ನೋಡ್ಕೊಳ್ಲಿ."

ಮಗು ಓಡಿತು. ಮೆಟ್ಟಿಲ ತುದಿಯಿಂದ ಅವ್ವನ ಉತ್ತರ ಬಂತು. "ಕುರ್ಚೀನ ಯಾರೂ ಒತ್ಕೊಂಡ್ ಓಗಕಿಲ್ಲ ಕಣ್ಲಾ. ಎದ್ದು ಬಾ ಮ್ಯಾಕೆ. ಕೂಸು ಕಾಯ್ತಾ ಅದೆ." ಯಾರ ಮಂಡಿಗಾಗಿ ನಾನು ಕಾವಲು ಕೂತಿದ್ದೆನೋ ಆ ಮಂಡಿ ಮೇಲೆ ಗಟ್ಟಿಯಾಗಿ ನಿಂತಿತ್ತು.

ನನಗೂ ತಡೆಯಲಾಗಲಿಲ್ಲ. ಟವೆಲನ್ನು ಐದೂ ಕುರ್ಚಿಗೆ ಅಡ್ಡಲಾಗಿ ಕಟ್ಟಲು ನೋಡಿದೆ, ಸಾಲಲಿಲ್ಲ. ಅದಕ್ಕೆ ನನ್ನ ಬೆಲ್ಟನ್ನೂ ಸೇರಿಸಿ ಕಟ್ಟಿ, ಒಂದು ಕೈಯಲ್ಲಿ ಪ್ಯಾಂಟು ಹಿಡಿದು ಅರ್ಧ ಮೆಟ್ಟಿಲು ಹತ್ತಿದೆ. ಆಗಲೇ ಗಂಡ ಹೆಂಡತಿ ಇಬ್ಬರು ಎದುರಿಗೆ ಇಳಿದು ಬಂದರು. ನನ್ನ ಸೀಟಿಗೇ ಬಂದರು ಎಂದುಕೊಂಡೆ. ಅವರನ್ನು ಹಿಂದೆ ಹಾಕಿ ಕೆಳಗೆ ಓಡಿ ಕುರ್ಚಿ ಸೇರಿಕೊಂಡೆ. ಅವರು ನನ್ನ ಬೆಲ್ಟನ್ನು ವಿಚಿತ್ರವಾಗಿ ನೋಡಿ ಟಾಯ್ಲೆಟ್ಟಿಗೆ ಹೋದರು. ಅಷ್ಟರಲ್ಲಿ ಮೇಲಿನ ಗದ್ದಲ ಅಡಗಿತ್ತು. ಡಾಲ್ಫಿನ್‌ಗಳು ಹೊರಟುಹೋಗಿದ್ದವು.

ಹಡಗು ದಡ ಸೇರುವಾಗ ನಮ್ಮವರು ಕೆಳಗೆ ಬಂದರು. ಗೌರಿ ಬಯ್ಯುತ್ತಾಳೆಂದು ಕಾದೆ. ಅವಳು ನನ್ನ ಮುಖ ನೋಡಿ, "ಅಪ್ಪ ಅಷ್ಟು ಕಷ್ಟಪಟ್ಟು ಹಿಡಿದಿದ್ದಾರೆ, ಎಲ್ಲಾರೂ ಒಂದ್ ನಿಮಿಷ ಕೂತ್ಕೊಳ್ಳಿ" ಎಂದಳು. ಬಯ್ದಿದ್ದರೇ ವಾಸಿಯಿತ್ತು.

"ಡಾಲ್ಫಿನ್ ಹೆಂಗಿತ್ತಮ್ಮ?" ಎಂದು ಸಿರಿಯನ್ನು ಮೆಲ್ಲಗೆ ಕೇಳಿದೆ.

"ಬಾಲ ಕಾಣಿಸ್ತು. ಮುಂದೆ ತುಂಬಾ ಜನ ಇದ್ರು. ಅಮ್ಮಂಗೆ ಅಷ್ಟೇ ಎತ್ತರ ಎತ್ತೋಕಾಗಿದ್ದು."

ನನಗೆ ಅಳು ಬರುವಂತಾಯಿತು. ಸಿರಿಗೆ ಅದು ತಿಳಿಯಿತೋ ಏನೋ, ಕುರ್ಚಿಯ ಮೇಲೆ ಎರಡು ಸಲ ಕುಪ್ಪಳಿಸಿ, "ಆದ್ರೆ ಸೀಟು ತುಂಬಾ ಮೆತ್ತಗಿದೆ ಅಪ್ಪಾ" ಎಂದಳು.

ಅಷ್ಟರಲ್ಲಿ ಅದೇ ಕೆಲಸದವನು ಬಂದು ಇಳಿಯಿರೆಂದು ಕೈ ತೋರಿಸಿದ. ಹಿಡಿದ ಸೀಟನ್ನು ಒಂದು ಮಾತೂ ಆಡದೆ ಬಿಟ್ಟುಕೊಟ್ಟದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಸಿರಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಇಳಿದೆ. ಅಲ್ಲಿಂದ ಅವಳಿಗೆ ಕಾರ್ ಪಾರ್ಕಿಂಗ್ ಬಹಳ ಚೆನ್ನಾಗಿ ಕಾಣಿಸಿತು.