ಯುರೋಪು ಮೆಂಬರು

ಯುರೋಪಿನ ರಾಜಕೀಯದ ಭಾರವನ್ನೆಲ್ಲ ಚನ್ನಗಿರಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ಹೊರುವ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇದ್ದಾರೆ. ಅವರು ನಮ್ಮ ಸೋದರಮಾವ! ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದೀಯೋ ಸಂಕಟದಿಂದಲೋ ಎಂದು ಕೇಳಬೇಡಿ. ನನಗೂ ದಿನಕ್ಕೊಂದು ಥರ ಅನಿಸುತ್ತದೆ.

ಮಾವ ಉಬ್ರಾಣಿ ಕಡೆಯ ಒಂದು ಸಣ್ಣ ಊರಿನವರು, ಮೂರು ಸಲ ಗ್ರಾಮ ಪಂಚಾಯ್ತಿ ಮೆಂಬರಾದವರು. ಮೊದಲ ಸಲ ಗೆದ್ದ ಹೊಸದರಲ್ಲಿ ಸೂಳೆಕೆರೆ ನೋಡಲು ಫ್ರಾನ್ಸಿನಿಂದ ಒಂದು ತಂಡ ಬಂದಿತ್ತು. ಕೆರೆಯ ನೀರನ್ನು ಸುತ್ತಲಿನ ಊರಿನವರು ಹೇಗೆ ಹಂಚಿಕೊಳ್ಳುತ್ತಾರೆ ಎಂದು ತಿಳಿಯುವುದು ಅವರ ಉದ್ದೇಶ. ಬಂದವರಿಗೆ ಎಳನೀರು ಕೊಡುವ ಕೆಲಸ ಮಾವನಿಗೆ ಬಿತ್ತು. ತಂಡದಲ್ಲಿದ್ದ ಒಬ್ಬ ಹೆಂಗಸು, ತಾನೂ ತನ್ನ ಊರಿನ ಪಂಚಾಯ್ತಿಗೆ ಮೊದಲ ಸಲ ಗೆದ್ದಿದ್ದೇನೆ, ನನ್ನ ಊರು ನಿಮ್ಮ ಊರಿಗಿಂತ ಚಿಕ್ಕದು ಎಂದು ದುಭಾಷಿಯ ಮೂಲಕ ಹೇಳಿದರಂತೆ. ಎಳನೀರು ಮುಗಿಯಿತು, ಮಾತೂ ಮುಗಿಯಿತು, ಆ ಹೆಂಗಸು ವಿಮಾನ ಹತ್ತಿದರು. ಆದರೆ ಮಾವ?

"ನಾನೂ ಆಯಮ್ಮನೂ ಒಂದೇ ಬ್ಯಾಚು ಕಣಮ್ಮ!"

ನಾನು ಚನ್ನಗಿರಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುವವಳು. ಬೆಳಗಿನ ಬಸ್ಸಿಗೆ ಊರಿಂದ ಬಂದು, ನಾನು ಸ್ಕೂಲಿಗೆ ಹೊರಡುವ ಹೊತ್ತಿಗೆ ಸರಿಯಾಗಿ ಆ ಹೆಂಗಸಿನ ಸುದ್ದಿಯಿದ್ದ ಮೊಬೈಲ್ ಮುಂದೆ ಹಿಡಿದು, "ಏನ್ ಬರ್ದವ್ರೆ ನೋಡು ತಾಯಿ," ಅನ್ನುವುದು ಮಾವನ ನಿತ್ಯದ ಪದ್ಧತಿ. ಹೀಗೆ ಆ ಹೆಂಗಸು ತನ್ನ ಊರಿನ ಮೇಯರ್ ಆದದ್ದು, ಆಮೇಲೆ ಜಿಲ್ಲೆಯ ಸಭೆಗೆ ಹೋದದ್ದು, ಒಮ್ಮೆ ಸೋತದ್ದು, ಎಲ್ಲವನ್ನೂ ನಾನೇ ಕನ್ನಡಕ್ಕೆ ಇಳಿಸಿದೆ. ಆಕೆ ಸೋತ ವರ್ಷವೇ ಮಾವ ತಾಲೂಕು ಪಂಚಾಯ್ತಿಗೆ ನಿಂತು ಸೋತಿದ್ದರು. ಅದಕ್ಕವರು ದುಃಖಪಟ್ಟರೇ? "ನಮ್ ಬ್ಯಾಚಿಗೇ ಟೈಮ್ ಸರಿ ಇಲ್ಲ," ಎಂದು ಸಮಾಧಾನ ಮಾಡಿಕೊಂಡರು.

ಆಕೆ ಯುರೋಪಿನ ಪಾರ್ಲಿಮೆಂಟಿಗೆ ಗೆದ್ದ ದಿನ ಮಾವ ಬಸ್ ಸ್ಟ್ಯಾಂಡಿನಲ್ಲಿ ಪೇಡೆ ಹಂಚಿದರು. ಕಂಡಕ್ಟರ್ ಒಬ್ಬರು ಬಾಯಿಗೆ ಹಾಕಿಕೊಂಡ ಮೇಲೆ ಕೇಳಿದರು, "ಯಾರ್ ಗೆದ್ದಿದ್ದು?"

"ನಮ್ ಕಡೇರು."

"ಯಾವ ವಾರ್ಡು?"

"ಯುರೋಪು!"

ಅಂದಿನಿಂದ ಮಾವನ ಹೆಸರು 'ಯುರೋಪು ಮೆಂಬರು'. ಮಾವನಿಗೆ ಬೇಜಾರೇನೂ ಇಲ್ಲ. ಅಲ್ಲಿನ ಪಾರ್ಲಿಮೆಂಟು ತಿಂಗಳಿಗೊಮ್ಮೆ ಕಡತಗಳ ಪೆಟ್ಟಿಗೆ ಸಮೇತ ಒಂದು ಊರಿಂದ ಇನ್ನೊಂದು ಊರಿಗೆ ಹೋಗಿ ಬರುತ್ತದೆ ಎಂದು ತಿಳಿದಾಗ ಮಾತ್ರ ಬಹಳ ನೊಂದುಕೊಂಡರು. "ನಮ್ ತಾಲೂಕು ಆಫೀಸು ಇದ್ದಲ್ಲೇ ಇದ್ರೂ ಒಂದು ಫೈಲ್ ಸಿಗಲ್ಲ. ಪಾಪ, ಆಯಮ್ಮ ಹೆಂಗೆ ಕೆಲ್ಸ ಮಾಡ್ಬೇಕು?" ಪಾರ್ಲಿಮೆಂಟಿಗೆ ಹೋದ ಮೇಲೆ ಆಕೆ ಅಲ್ಲಿನ ಕಾನೂನಿನಂತೆ ಮೇಯರ್ ಕುರ್ಚಿ ಬಿಟ್ಟು, ಊರಿನ ಬರೀ ಮೆಂಬರಾಗಿ ಉಳಿದರು ಎಂಬುದನ್ನಂತೂ ನನ್ನಿಂದ ಮೂರು ಸಲ ಓದಿಸಿದರು. ನಂಬಿಕೆಯೇ ಬರಲಿಲ್ಲ ಅವರಿಗೆ!

ಈ ಸಲದ ಚುನಾವಣೆಯಲ್ಲಿ ಮಾವನ ಸೀಟು ಮಹಿಳಾ ಮೀಸಲಾಯಿತು. ಮಾವ ಎಲ್ಲರಂತೆ ಮಾಡಿದರು, ಅತ್ತೆಯನ್ನು ನಿಲ್ಲಿಸಿದರು. ಅತ್ತೆ ಗೆದ್ದರು. ಹಾರ ಮಾವನ ಕೊರಳಿಗೆ ಬಿತ್ತು! ಊರ ಮುಂದಿನ ಫ್ಲೆಕ್ಸಿನಲ್ಲಿ ಮಾವನ ಮುಖ ಆಳೆತ್ತರ, ಅತ್ತೆಯದು ಮೂಲೆಯಲ್ಲಿ ಅಂಚೆ ಚೀಟಿಯಷ್ಟು. ನಮ್ಮ ಕಡೆ ಇದು ಎಷ್ಟು ರೂಢಿಯೆಂದರೆ ಯಾರೂ ನಗುವುದೂ ಇಲ್ಲ. ಹೆಂಡತಿ ಗೆಲ್ಲುತ್ತಾಳೆ, ಗಂಡ ಸಭೆಯಲ್ಲಿ ಕೂರುತ್ತಾನೆ, ಸಹಿ ಬೇಕಾದಾಗ ಪುಸ್ತಕ ಅಡುಗೆಮನೆಗೆ ಹೋಗಿ ಬರುತ್ತದೆ.

ನನಗೆ ಸಿಟ್ಟು ಬಂತು. ಮರುದಿನ ಮೊಬೈಲ್ ಹಿಡಿದು ಬಂದ ಮಾವನನ್ನು ಕೇಳಿದೆ, "ಮಾವ, ಇಷ್ಟು ವರ್ಷದಿಂದ ನೋಡ್ತಿದ್ದೀರಲ್ಲ, ಆ ಫ್ರಾನ್ಸಿನಮ್ಮನ ಗಂಡ ಯಾರು?"

ಮಾವ ಮೊಬೈಲಿನ ಮೇಲೆ ಬೆರಳಾಡಿಸಿ ಹುಡುಕಿದರು.

"ಗೊತ್ತಿಲ್ಲವಲ್ಲ ತಾಯಿ. ಎಲ್ಲೂ ಕಂಡೇ ಇಲ್ಲ," ಅಂದವರು ಮೊಬೈಲನ್ನು ಜೇಬಿಗಿಟ್ಟುಕೊಂಡು ಹೊರಟುಹೋದರು. ಎರಡು ವಾರ ನನ್ನ ಮನೆ ಕಡೆ ಸುಳಿಯಲಿಲ್ಲ. ಅತಿಯಾಯಿತೇನೋ ಎಂದು ನನಗೇ ಕಸಿವಿಸಿ. ಮೊದಲ ಸಭೆಯ ದಿನ ರಜೆ ಹಾಕಿ ಊರಿಗೆ ಹೋದೆ.

ಪಂಚಾಯ್ತಿ ಆಫೀಸಿನ ಕಿಟಕಿಯಿಂದ ಇಣುಕಿದರೆ, ಮೇಜಿನ ಸುತ್ತ ಮೂರ್ನಾಲ್ಕು ಗಂಡಂದಿರು ಹಾಯಾಗಿ ಕೂತಿದ್ದರು. ಗೆದ್ದ ಹೆಂಡತಿಯರು ಗೋಡೆ ಬದಿಯ ಬೆಂಚಿನ ಮೇಲಿದ್ದರು. ಅತ್ತೆಯೂ ಬೆಂಚಿನ ತುದಿಯಲ್ಲಿ ಸೆರಗು ಹೊದ್ದು ಕೂತಿದ್ದರು. ಬಾಗಿಲಲ್ಲಿ ಮಾವ ಕಾಣಿಸಿಕೊಂಡಿದ್ದೇ ತಡ ಒಬ್ಬರು ಕೂಗಿದರು, "ಬರ್ರೀ ಯುರೋಪು, ನಿಮ್ ಕುರ್ಚಿ ಖಾಲಿ ಐತೆ, ಕುಂತ್ಕಳ್ರಿ!"

ಮಾವ ಹೋಗಿ ಕುರ್ಚಿ ಎಳೆದರು. ಕೂರುತ್ತಾರೆ ಎಂದೇ ನಾನು ಮುಖ ತಿರುಗಿಸಿಕೊಂಡೆ.

"ಬಾ, ಕುಂತ್ಕ," ಅನ್ನುವುದು ಕೇಳಿಸಿತು.

ತಿರುಗಿ ನೋಡಿದರೆ ಅತ್ತೆ ಗಾಬರಿಯಿಂದ ಎದ್ದು ನಿಂತಿದ್ದರು. "ನಂಗೆ ಮಾತಾಡಾಕೆ ಬರಲ್ಲರೀ."

"ಬರ್ದಿದ್ರೆ ಸುಮ್ನೆ ಕುಂತಿರು. ಕುರ್ಚಿ ನಿಂದು."

ಯಾರೋ ಕಿಸಕ್ಕನೆ ನಕ್ಕರು. ಮಾವ ಯಾರ ಮುಖವನ್ನೂ ನೋಡದೆ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು. ನಾನೂ ಕಿಟಕಿ ಬಿಟ್ಟು ಹೋಗಿ ಪಕ್ಕ ಕೂತೆ. ಹದಿನೈದು ವರ್ಷ ಆ ಕೋಣೆಯಲ್ಲಿ ಗಂಟಲು ಹರಿಯುವಂತೆ ಕೂಗಾಡಿದ ಮನುಷ್ಯ ಅಂಗೈಗಳನ್ನು ಮಂಡಿಯ ಮೇಲಿಟ್ಟುಕೊಂಡು ಒಳಗಿನ ಮಾತಿಗೆ ಕಿವಿಗೊಟ್ಟರು. ಒಳಗೆ ಬಹಳ ಹೊತ್ತು ಗಂಡಸರ ದನಿಗಳೇ. ಆಮೇಲೆ ಕಿಟಕಿಯಿಂದ ಅತ್ತೆಯ ದನಿ ಬಂತು, ಮೊದಲು ನಡುಗುತ್ತ, ಆಮೇಲೆ ನಡುಗದೆ.

"ಅಂಗನವಾಡಿಗೆ ನಲ್ಲಿ ಇಲ್ಲ ಸಾರ್. ಹತ್ತು ವರ್ಷದಿಂದ ದಿನಾ ಬೆಳಿಗ್ಗೆ ನಮ್ಮನೆಯಿಂದ ನಾನೇ ಎರಡು ಕೊಡ ಹೊತ್ತು ಹಾಕ್ತಿದೀನಿ. ಮಕ್ಳು ಕುಡಿಯಾಕಾದ್ರೂ ನೀರು ಬೇಕಲ್ಲ?"

ಮಾವ ನನ್ನ ಕಡೆ ತಿರುಗಿದರು. ಕಣ್ಣು ತುಂಬಿತ್ತು.

"ದಿನಾ ಬೆಳಿಗ್ಗೆ ನಾನು ಬಸ್ಸು ಹತ್ತಿ ನಿನ್ ಹತ್ರ ಬರ್ತಿದ್ನಲ್ಲ ತಾಯಿ," ಅಂದರು. "ಇವ್ಳು ಕೊಡ ಹೊರ್ತಿದ್ದಿದ್ದು ನಂಗೆ ಗೊತ್ತೇ ಇರ್ಲಿಲ್ಲ ನೋಡು."

ಇಷ್ಟು ವರ್ಷ ಅವರನ್ನು ಆಡಿಕೊಂಡು ನಕ್ಕವಳು ನಾನು. ಆವತ್ತು ಅವರ ಕೈ ಹಿಡಿದುಕೊಂಡೆ. ಒಳಗೆ ಅತ್ತೆ ಇನ್ನೂ ಮಾತಾಡುತ್ತಲೇ ಇದ್ದರು.